ಮಗುವಿನ ಹೊಟ್ಟೆಬೇನೆ, ಮಗುವಿನ ದಿನ: ಯಾವ ಪ್ರಶ್ನೆಪಟ್ಟಿ ಆರಿಸಿಕೊಳ್ಳಬೇಕು?

ಕಳೆದ ಎರಡು ತಿಂಗಳಲ್ಲಿ ಮೂವರು ತಾಯಂದಿರು ನನ್ನನ್ನು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದರು. ಒಬ್ಬರು ಶಹಾಪುರದ ಕಡೆಯವರು, ಮಗಳಿಗೆ ನಾಲ್ಕು ವರ್ಷ, ಬಿಡದ ಮಲಬದ್ಧತೆ. ಇನ್ನೊಬ್ಬರು ಭಾಲ್ಕಿಯವರು, ಹದಿಮೂರರ ಮಗನಿಗೆ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಒಳಗೆ ಉರಿಯೂತ, ಹುಣ್ಣು), ಹೈದರಾಬಾದಿನಲ್ಲಿ ತೋರಿಸುತ್ತಾರೆ. ಮೂರನೆಯವರು ಇಲ್ಲೇ ಕಲಬುರಗಿಯವರು. ಅವರ ಒಂಬತ್ತು ವರ್ಷದ ಮಗನಿಗೂ ನನ್ನ ಮಗನಿಗೆ ಇದ್ದದ್ದೇ, ಹಿರ್ಷ್‌ಸ್ಪ್ರಂಗ್ ಕಾಯಿಲೆ. ಮೂವರಿಗೂ ಅವರವರ ಡಾಕ್ಟರು ಹೇಳಿದ್ದು ಒಂದೇ ಮಾತು: ಬರೀ ಸಂಡಾಸದ ಲೆಕ್ಕ ಸಾಕಾಗಲ್ಲ, ಮಗುವಿನ ಕ್ವಾಲಿಟಿ ಆಫ್ ಲೈಫ್, ಅಂದರೆ ಬದುಕಿನ ಗುಣಮಟ್ಟ ಕೂಡ ನೋಡ್ತಾ ಇರಿ. ಹೇಗೆ ನೋಡೋದು, ಯಾವ ಫಾರ್ಮ್, ಯಾರು ತುಂಬಬೇಕು ಅಂತ ಹೇಳುವಷ್ಟು ಹೊತ್ತು ಓಪಿಡಿಯಲ್ಲಿ ಯಾರಿಗೂ ಇರುವುದಿಲ್ಲ. ಹುಡುಕಿದರೆ ಇಂಗ್ಲಿಷ್ ಹೆಸರುಗಳ ರಾಶಿಯೇ ಬಂದು ಬೀಳುತ್ತದೆ.

ನಾನು ಡಾಕ್ಟರ್ ಅಲ್ಲ. ಆದರೆ ಈ ಪಟ್ಟಿಗಳನ್ನು ಮಗನ ಜೊತೆ ಕೂತು ವರ್ಷಗಟ್ಟಲೆ ತುಂಬಿದ್ದೇನೆ. ತಪ್ಪಾಗಿಯೂ ತುಂಬಿದ್ದೇನೆ. ಅದನ್ನೇ ಇಲ್ಲಿ ಬರೆಯುತ್ತೇನೆ.

ಹಿರ್ಷ್‌ಸ್ಪ್ರಂಗ್ ಅಂದರೆ ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳೇ ಇಲ್ಲದೆ ಮಗು ಹುಟ್ಟುವುದು. ಸುಮಾರು 5000 ಮಕ್ಕಳಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಆ ಭಾಗ ತೆಗೆದು, ಒಳ್ಳೆಯ ಕರುಳನ್ನು ಕೆಳಗೆ ಎಳೆದು ಜೋಡಿಸುತ್ತಾರೆ. ಆಪರೇಷನ್ ಆದಮೇಲೂ ಎಷ್ಟೋ ಮಕ್ಕಳಿಗೆ ಮಲ ಕಟ್ಟುವುದು, ಗೊತ್ತಿಲ್ಲದೆ ಚಡ್ಡಿ ಹೊಲಸಾಗುವುದು ವರ್ಷಗಟ್ಟಲೆ ಉಳಿಯುತ್ತದೆ. ಪ್ರತಿ ಫಾಲೋ ಅಪ್‌ನಲ್ಲೂ ನಮ್ಮನ್ನು ಕೇಳುತ್ತಿದ್ದದ್ದು ಒಂದೇ: ದಿನಕ್ಕೆ ಎಷ್ಟು ಸಲ? ನಾನು ಎರಡು ಸಲ ಅನ್ನುತ್ತಿದ್ದೆ. ಛಲೋ ಆಯ್ತು ಅಂತ ಚೀಟಿ ಬರೆದು ಕಳಿಸುತ್ತಿದ್ದರು. ಅಲ್ಲಿಗೆ ಮುಗೀತು. ಶಾಲೆಯಲ್ಲಿ ಬಾಗಿಲ ಹತ್ತಿರದ ಕೊನೆಯ ಬೆಂಚು ಬಿಟ್ಟು ಅವನು ಬೇರೆ ಎಲ್ಲೂ ಕೂರುತ್ತಿರಲಿಲ್ಲ ಅನ್ನುವುದು ಯಾವ ಚೀಟಿಯಲ್ಲೂ ಇರಲಿಲ್ಲ. ಸಂಡಾಸಕ್ಕೆ ಹೋಗಬೇಕಾಗುತ್ತದೆ ಅಂತ ಬೆಳಿಗ್ಗೆಯಿಂದ ಸಂಜೆವರೆಗೆ, ನಮ್ಮ ಏಪ್ರಿಲ್ ಬಿಸಿಲಿನಲ್ಲಿ, ಒಂದು ಹನಿ ನೀರು ಕುಡಿಯುತ್ತಿರಲಿಲ್ಲ ಅನ್ನುವುದು ನನಗೇ ಗೊತ್ತಿರಲಿಲ್ಲ. ಒಂದು ಫಾರ್ಮ್ ತುಂಬುವಾಗ ಹೊರಗೆ ಬಂತು.

ಆರಿಸುವ ಮೊದಲು ಏನು ನೋಡಬೇಕು

ಮೊದಲನೆಯದು, ಉತ್ತರ ಕೊಡುವವರು ಯಾರು. ಮಗುವೇ, ತಾಯಿ ತಂದೆಯೇ, ಇಬ್ಬರೂನಾ? ಬೇರೆ ಎಲ್ಲದಕ್ಕಿಂತ ಇದು ದೊಡ್ಡ ವಿಷಯ. ಕಾಯಿಲೆ ಇರುವ ಮಗುವಿನ ಬದುಕು ಎಷ್ಟು ಚೆನ್ನಾಗಿದೆ ಅಂತ ಕೇಳಿದರೆ ಅಪ್ಪ ಅಮ್ಮ ಸಾಮಾನ್ಯವಾಗಿ ಮಗುವಿಗಿಂತ ಕಡಿಮೆ ಅಂಕ ಕೊಡುತ್ತಾರೆ. ಕಣ್ಣಿಗೆ ಕಾಣುವ ನೋವು, ವಾಂತಿ, ನಿಶ್ಶಕ್ತಿ ನಮಗೆ ಗೊತ್ತಾಗುತ್ತದೆ. ಒಳಗಿನ ಭಯ, ನಾಚಿಕೆ ಅಷ್ಟಾಗಿ ಗೊತ್ತಾಗುವುದಿಲ್ಲ.

ಎರಡನೆಯದು ವಯಸ್ಸು. ಐದು ವರ್ಷದೊಳಗಿನ ಮಗು ತಾನೇ ಉತ್ತರ ಹೇಳುವಂತೆ ಮಾಡಿದ ಪಟ್ಟಿ ಸಿಗುವುದು ಕಷ್ಟ. ಆಮೇಲೆ ಸಮಯ: ಐದು ಪ್ರಶ್ನೆಯದೂ ಇದೆ, ಎಪ್ಪತ್ತನಾಲ್ಕರದ್ದೂ ಇದೆ. ಆಮೇಲೆ ಭಾಷೆ. ನಮ್ಮ ಕಡೆ ಶಾಲೆಯಲ್ಲಿ ಕನ್ನಡ ಇದ್ದರೂ ಮನೆಯಲ್ಲಿ ದಖನಿ ಉರ್ದು, ಲಂಬಾಣಿ, ತೆಲುಗು, ಮರಾಠಿ ಯಾವುದಾದರೂ ಇರಬಹುದು. ಹೊಟ್ಟೆ ನೋವಿನ ಮಾತು ಮಗುವಿಗೆ ಮನೆಯ ಭಾಷೆಯಲ್ಲೇ ಬರುವುದು.

ಇನ್ನೊಂದು, ಪಟ್ಟಿ ಕೇಳುವುದು ಕರುಳಿನ ಬಗ್ಗೆಯೋ ಬದುಕಿನ ಬಗ್ಗೆಯೋ. ಮತ್ತು ಕೊನೆಗೆ, ತುಂಬಿದ್ದನ್ನು ಯಾರು ನೋಡುತ್ತಾರೆ? ಯಾರೂ ನೋಡದ ಫಾರ್ಮಿಗೆ ಮಗುವನ್ನು ಕೂರಿಸಿ ಪ್ರಶ್ನೆ ಕೇಳುವುದು ಬೇಡ. ಮಗುವಿಗೆ ಅದು ಗೊತ್ತಾಗುತ್ತದೆ, ಮುಂದಿನ ಸಲ ಸುಮ್ನೆ ಎಲ್ಲದಕ್ಕೂ "ಇಲ್ಲ" ಅಂತ ಹೇಳಿ ಎದ್ದು ಹೋಗುತ್ತದೆ.

ಮನೆಯ ನೋಟ್‌ಬುಕ್ಕು

ಖರ್ಚಿಲ್ಲ, ಅನುಮತಿ ಬೇಡ, ಭಾಷೆಯ ತೊಂದರೆ ಇಲ್ಲ. ದಿನಾಂಕ, ಎಷ್ಟು ಸಲ, ಮಲ ಹೇಗಿತ್ತು, ನೋವಿತ್ತಾ, ಚಡ್ಡಿ ಹೊಲಸಾಯಿತಾ, ಶಾಲೆಗೆ ಹೋದನಾ. ಮಲ ಹೇಗಿತ್ತು ಅನ್ನುವುದಕ್ಕೆ ಬ್ರಿಸ್ಟಲ್ ಚಿತ್ರಪಟ್ಟಿ ಇದೆ. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಡಾಕ್ಟರುಗಳು ಮಾಡಿದ್ದು, 1997ರಲ್ಲಿ ಪ್ರಕಟವಾಯಿತು, ಅದರಲ್ಲಿ 7 ಬಗೆ. ಒಂದನೆಯದು ಆಡಿನ ಹಿಕ್ಕೆಯ ಹಾಗೆ ಬಿಡಿಬಿಡಿ ಗಟ್ಟಿ ಉಂಡೆ. ನಾಲ್ಕು ಅಂದರೆ ಮಾಗಿದ ಬಾಳೆಹಣ್ಣಿನ ಹಾಗೆ ಮೆತ್ತಗೆ, ನುಣ್ಣಗೆ. ಏಳು ಅಂದರೆ ಬರೀ ನೀರು. 1 ಮತ್ತು 2 ಮಲಬದ್ಧತೆ ಕಡೆ, 3 ಮತ್ತು 4 ಸರಿ, 6 ಮತ್ತು 7 ಭೇದಿ ಕಡೆ. ಫೋನಿನಲ್ಲಿ "ಸ್ವಲ್ಪ ಗಟ್ಟಿ ಇತ್ತು ಸರ್" ಅನ್ನುವುದಕ್ಕಿಂತ "ಮೂರು ದಿನದಿಂದ ಎರಡನೇ ನಂಬರ್" ಅಂದರೆ ಡಾಕ್ಟರಿಗೆ ತಟ್ಟನೆ ಗೊತ್ತಾಗುತ್ತದೆ.

ಆದರೆ ಇದು ಕರುಳಿನ ಲೆಕ್ಕ. ಬದುಕು ಬರಬೇಕಾದರೆ ಕೊನೆಯಲ್ಲಿ ಒಂದು ಸಾಲು ಜಾಗ ಬಿಡಿ: ಇವತ್ತು ಏನು ಮಾಡಬೇಕೆಂದಿತ್ತು, ಹೊಟ್ಟೆಯಿಂದಾಗಿ ಏನು ಬಿಟ್ಟುಹೋಯಿತು? ನಮ್ಮ ನೋಟ್‌ಬುಕ್ಕಿನಲ್ಲಿ ಆ ಕಾಲಂ ತುಂಬುತ್ತಾ ಹೋದ ಹಾಗೆ ನನ್ನ ಎದೆ ಭಾರವಾಯಿತು. ಕಬಡ್ಡಿ. ಅತ್ತೆ ಮನೆಗೆ ಹೋಗೋದು. ಅಪ್ಪನ ಗುಡಿಯ, ಅಂದರೆ ಶರಣಬಸವೇಶ್ವರ ಗುಡಿಯ ಜಾತ್ರೆ.

ಇದರ ದೊಡ್ಡ ತೊಂದರೆ ಇನ್ನೊಂದಿದೆ. ನಾನು ದಿನಾ ಬಾಗಿಲ ಹೊರಗೆ ಪೆನ್ನು ಹಿಡಿದು ನಿಲ್ಲುತ್ತಿದ್ದೆ. ಒಂದು ದಿನ ಮಗ ಅಂದ: "ಅವ್ವಾ, ನೀ ಮೊದಲ ಸಂಡಾಸ ನೋಡ್ತಿ, ಆಮ್ಯಾಗ ನನ್ನ ಮುಖ ನೋಡ್ತಿ." ಅವತ್ತಿನಿಂದ ದಿನಾ ಬರೆಯುವುದು ಬಿಟ್ಟೆ. ಈಗ ಆಸ್ಪತ್ರೆಗೆ ಹೋಗುವ ಮುಂಚಿನ ಎರಡು ವಾರ ಮಾತ್ರ, ಅದೂ ಅವನೇ ಬರೆಯುತ್ತಾನೆ. ಡಾಕ್ಟರು ದಿನಾ ಬರೆಯಿರಿ ಅಂತ ಹೇಳಿದ್ದರೆ ಅದು ಬೇರೆ ಮಾತು, ಔಷಧದ ಡೋಸ್ ಏರಿಸಿ ಇಳಿಸುವಾಗ ಆ ಲೆಕ್ಕ ಬೇಕಾಗುತ್ತದೆ.

ಮುಖಗಳ ಚಿತ್ರ

ನಗುವ ಮುಖದಿಂದ ಅಳುವ ಮುಖದವರೆಗೆ 6 ಚಿತ್ರ, 0ಯಿಂದ 10ರವರೆಗೆ ಅಂಕ. ವಾಂಗ್-ಬೇಕರ್ ಮುಖಗಳು ಅನ್ನುತ್ತಾರೆ. ಮೂರು ವರ್ಷದಿಂದಲೇ ಉಪಯೋಗಿಸಬಹುದು. ನೋವನ್ನು ಮಾತ್ರ ಹೇಳುತ್ತದೆ, ಬದುಕಿನ ಗುಣಮಟ್ಟ ಇದರಲ್ಲಿ ಇಲ್ಲ. ಸಣ್ಣ ಮಕ್ಕಳು ಇಷ್ಟವಾದ ಮುಖದ ಮೇಲೆ ಬೆರಳಿಡುತ್ತಾರೆ, ಅದಕ್ಕೆ ಮೊದಲೇ "ಈ ಮುಖಕ್ಕೆ ನೋವೇ ಇಲ್ಲ, ಇದಕ್ಕೆ ಭಾಳ ನೋವು" ಅಂತ ತೋರಿಸಿ ಹೇಳಬೇಕು. ಇಷ್ಟೇ ಇದರ ವಿಷಯ.

ಐದೇ ಪ್ರಶ್ನೆಯದು: ಇಕ್ಯೂ-5ಡಿ-ವೈ

ನಡೆದಾಡುವುದು, ತನ್ನ ಕೆಲಸ ತಾನು ಮಾಡಿಕೊಳ್ಳುವುದು, ಶಾಲೆ ಆಟದಂಥ ದಿನದ ಚಟುವಟಿಕೆ, ನೋವು, ಚಿಂತೆ ಅಥವಾ ಬೇಸರ. ಇದಾದ ಮೇಲೆ 0ಯಿಂದ 100ರವರೆಗೆ ಒಂದು ಅಳತೆಪಟ್ಟಿ, ಇವತ್ತು ನಿನ್ನ ಆರೋಗ್ಯ ಎಷ್ಟಿದೆ ಅಂತ ಗುರುತು ಹಾಕುವುದು. ಎರಡು ಮೂರು ನಿಮಿಷದ ಕೆಲಸ. 8ರಿಂದ 15 ವರ್ಷದ ಮಕ್ಕಳು ತಾವೇ ತುಂಬುತ್ತಾರೆ, 4ರಿಂದ 7ರವರಿಗೆ ದೊಡ್ಡವರು ತುಂಬುವ ರೂಪ ಇದೆ.

ಚಿಕ್ಕದು ಅಂತ ನನಗೆ ಮೊದಲು ಭಾಳ ಇಷ್ಟವಾಗಿತ್ತು. ಆದರೆ ಅದು ಕೇಳುವುದು ಇವತ್ತಿನ ಬಗ್ಗೆ ಮಾತ್ರ. ಹೊಟ್ಟೆಯ ಕಾಯಿಲೆ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರಲ್ಲ, ಅಲ್ವಾ? ನಿನ್ನೆ ಹೊಟ್ಟೆ ಖಾಲಿಯಾಗಿದ್ದರೆ ಇವತ್ತು ಮಗು ಕುಣಿಯುತ್ತಿರುತ್ತದೆ, ಫಾರ್ಮಿನಲ್ಲಿ ಎಲ್ಲವೂ ಸರಿ ಅಂತ ಬರುತ್ತದೆ. ಚಡ್ಡಿ ಹೊಲಸಾಗುವ ಬಗ್ಗೆ, ಶಾಲೆಯಲ್ಲಿ ಚುಡಾಯಿಸುವ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಬೇರೆ ಬೇರೆ ಚಿಕಿತ್ಸೆಯ ಖರ್ಚು ಮತ್ತು ಲಾಭ ತೂಗಿ ನೋಡುವ ಅಧ್ಯಯನಗಳಿಗೆ ಇದು ಹೇಳಿ ಮಾಡಿಸಿದ್ದು. ಒಂದು ಮನೆಯ ಒಂದು ಮಗುವಿಗೆ ಇದೊಂದೇ ಸಾಲದು.

ಪೆಡ್ಸ್‌ಕ್ಯೂಎಲ್: ನನ್ನ ಮಟ್ಟಿಗೆ ಮೊದಲ ಆಯ್ಕೆ

ಅಮೆರಿಕದ ಜೇಮ್ಸ್ ವಾರ್ನಿ ರೂಪಿಸಿದ್ದು. ಸಾಮಾನ್ಯ ಪಟ್ಟಿಯಲ್ಲಿ 23 ಪ್ರಶ್ನೆ: ದೇಹದ ಶಕ್ತಿ 8, ಮನಸ್ಸು 5, ಜೊತೆಯ ಮಕ್ಕಳು 5, ಶಾಲೆ 5. ಕಳೆದ ಒಂದು ತಿಂಗಳಲ್ಲಿ ಇದು ಎಷ್ಟು ಸಲ ತೊಂದರೆ ಕೊಟ್ಟಿತು ಅಂತ ಕೇಳುತ್ತದೆ. 2ರಿಂದ 4 ವರ್ಷಕ್ಕೆ ಪಾಲಕರ ಫಾರ್ಮ್ ಮಾತ್ರ. 5ರಿಂದ 7ಕ್ಕೆ ಮಗುವಿಗೆ ಓದಿ ಹೇಳಿ, ಮೂರು ಮುಖದ ಚಿತ್ರದಲ್ಲಿ ಒಂದನ್ನು ತೋರಿಸಲು ಹೇಳುತ್ತಾರೆ. 8ರಿಂದ 12 ಮತ್ತು 13ರಿಂದ 18ರ ಮಕ್ಕಳು ತಾವೇ ತುಂಬುತ್ತಾರೆ, ಪಾಲಕರದು ಬೇರೆ ಹಾಳೆ.

ಅಂಕ ಹಾಕುವುದು ಕಷ್ಟವಿಲ್ಲ. "ಎಂದೂ ಇಲ್ಲ" ಅಂದರೆ 100, "ಹೆಚ್ಚುಕಡಿಮೆ ಇಲ್ಲ" 75, "ಕೆಲವು ಸಲ" 50, "ಭಾಳ ಸಲ" 25, "ಯಾವಾಗಲೂ" ಅನ್ನುವಷ್ಟಿದ್ದರೆ 0. ಎಲ್ಲ ಕೂಡಿಸಿ, ಉತ್ತರ ಕೊಟ್ಟ ಪ್ರಶ್ನೆಗಳ ಸಂಖ್ಯೆಯಿಂದ ಭಾಗಿಸಿ. ಅರ್ಧಕ್ಕಿಂತ ಜಾಸ್ತಿ ಪ್ರಶ್ನೆ ಬಿಟ್ಟಿದ್ದರೆ ಲೆಕ್ಕ ಹಾಕುವ ಹಾಗಿಲ್ಲ. ಅಂಕ ಜಾಸ್ತಿ ಇದ್ದಷ್ಟೂ ಬದುಕು ಹಗುರ. ಒಟ್ಟು ಅಂಕದಲ್ಲಿ ಮಗುವಿನ ಹಾಳೆಗೆ ಸುಮಾರು 4.4, ಪಾಲಕರ ಹಾಳೆಗೆ 4.5ರಷ್ಟು ವ್ಯತ್ಯಾಸ ಬಂದರೆ ನಿಜವಾಗಿಯೂ ಏನೋ ಬದಲಾಗಿದೆ ಅಂತ ತಿಳಿಯುತ್ತಾರೆ. ಎರಡು ಅಂಕ ಇಳಿದರೆ ಗಾಬರಿ ಬೇಡ.

ನನ್ನ ಮಗನಿಗೆ ಒಂಬತ್ತಾಗಿದ್ದಾಗ ಮೊದಲ ಸಲ ಇಬ್ಬರೂ ಬೇರೆ ಬೇರೆ ಕೂತು ತುಂಬಿದೆವು. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವುದು ಮುಗಿಸಿ ಅಲ್ಲೇ ಕೂತೆ, ಅವನು ಕಟ್ಟೆ ಮೇಲೆ. ನನ್ನ ಹಾಳೆಯಲ್ಲಿ 49 ಬಂತು, ಅವನದರಲ್ಲಿ 62. ನನಗೆ ಸಮಾಧಾನ ಆಗಬೇಕಿತ್ತು, ನಾನು ಅಂದುಕೊಂಡದ್ದಕ್ಕಿಂತ ಅವನು ಚೆನ್ನಾಗಿದ್ದಾನೆ ಅಂತ. ಆದರೆ ಬಿಡಿಸಿ ನೋಡಿದರೆ ಕಥೆ ಬೇರೆ. ನಾನು ಕಡಿಮೆ ಅಂಕ ಕೊಟ್ಟದ್ದು ನೋವಿಗೆ, ಓಟಕ್ಕೆ, ನಿಶ್ಶಕ್ತಿಗೆ. ಅವನು ಅದಕ್ಕೆಲ್ಲ "ಕೆಲವು ಸಲ" ಅಂತ ಗುರುತು ಹಾಕಿದ್ದ. ಜೊತೆಯ ಮಕ್ಕಳ ಭಾಗದಲ್ಲಿ ಮಾತ್ರ ಸೊನ್ನೆಯ ಮೇಲೆ ಸೊನ್ನೆ. ಬೇರೆ ಮಕ್ಕಳು ಮಾಡುವುದನ್ನು ನೀನು ಮಾಡಲು ಆಗುತ್ತದಾ ಅನ್ನುವಂಥ ಪ್ರಶ್ನೆಯ ಪಕ್ಕದಲ್ಲಿ, ಯಾರೂ ಕೇಳದಿದ್ದರೂ, ಪೆನ್ಸಿಲ್‌ನಲ್ಲಿ ಬರೆದಿದ್ದ: ನೀರು ಕುಡಿಯಲ್ಲ. ನನಗೆ ಗೊತ್ತಿಲ್ಲದೆ ಉಳಿದಿದ್ದು ಹೀಗೆ ಸಿಕ್ಕಿತು. ಆಮೇಲೆ ಅವನ ಮಾಸ್ತರ ಹತ್ತಿರ ಮಾತಾಡಿದೆವು, ಕೇಳದೆ ಎದ್ದು ಹೋಗಬಹುದು ಅಂತ ಒಪ್ಪಿಕೊಂಡರು. ಬೆಳಿಗ್ಗೆ ಊಟದ ನಂತರ ಹತ್ತು ನಿಮಿಷ ಕೂರುವ ಅಭ್ಯಾಸ ಮತ್ತೆ ಶುರು ಮಾಡಿದೆವು, ಊಟವಾದ ಮೇಲೆ ಕರುಳು ತಾನಾಗಿ ಚುರುಕಾಗುತ್ತದೆ. ವರ್ಷದ ನಂತರ ಅವನ ಅಂಕ 73. ಔಷಧ ಅದೇ ಇತ್ತು.

ತೊಂದರೆ ಇಲ್ಲದಿಲ್ಲ. ಇದಕ್ಕೆ ಹಕ್ಕುದಾರರಿದ್ದಾರೆ, ಫ್ರಾನ್ಸಿನ ಮಾಪಿ ರಿಸರ್ಚ್ ಟ್ರಸ್ಟ್ ಮೂಲಕ ಅನುಮತಿ ಪಡೆಯಬೇಕು, ಯಾತಕ್ಕೆ ಬಳಸುತ್ತೀರಿ ಅನ್ನುವುದರ ಮೇಲೆ ಶುಲ್ಕ ನಿಲ್ಲುತ್ತದೆ. ಅದಕ್ಕೇ ಡಾಕ್ಟರ ಮೂಲಕ ಹೋಗುವುದು ಸುಲಭ. ಪ್ರಶ್ನೆಗಳಲ್ಲಿ ಅಮೆರಿಕದ ಬೀದಿ ಇದೆ: ಒಂದು ಬ್ಲಾಕ್‌ಗಿಂತ ಜಾಸ್ತಿ ನಡೆಯುವುದು ಅಂತ ಕೇಳುತ್ತಾರೆ. ನಮ್ಮ ಓಣಿಯಲ್ಲಿ ಬ್ಲಾಕ್ ಎಲ್ಲಿಂದ ಬರಬೇಕು? ನಾನು ಮನೆಯಿಂದ ಕಿರಾಣಿ ಅಂಗಡಿವರೆಗೆ ಅಂತ ಹೇಳಿದೆ. ಮನೆಯ ಮಟ್ಟಿಗೆ ಹೀಗೆ ಹೇಳಬಹುದು, ಆದರೆ ಪ್ರತಿ ಸಲ ಅದೇ ಅಂಗಡಿ ಹೇಳಿ. ಅಧ್ಯಯನ ಮಾಡುವವರು ಮಾತ್ರ ತಮಗೆ ತೋಚಿದ ಹಾಗೆ ಅನುವಾದ ಮಾಡಿಕೊಂಡು ಬಳಸಬಾರದು, ಒಪ್ಪಿಗೆ ಇರುವ ಅನುವಾದವನ್ನೇ ಕೇಳಿ ಪಡೆಯಬೇಕು. ಪದ ಬದಲಾದರೆ ಅಳತೆಯೂ ಬದಲಾಗುತ್ತದೆ.

ಇನ್ನು ಸಾಮಾನ್ಯ ಪಟ್ಟಿಯಲ್ಲಿ ಕರುಳಿನ ಮಾತೇ ಇಲ್ಲ. ಅದಕ್ಕಾಗಿ ಇದರದೇ ಹೊಟ್ಟೆ-ಕರುಳಿನ ಪಟ್ಟಿ ಬೇರೆ ಇದೆ, 74 ಪ್ರಶ್ನೆ, 14 ಭಾಗ. ಹೊಟ್ಟೆ ನೋವು, ಮಲಬದ್ಧತೆ, ಭೇದಿ, ಮಲದಲ್ಲಿ ರಕ್ತ, ತಿನ್ನಲು ಕುಡಿಯಲು ಇರುವ ಕಟ್ಟುಪಾಡು, ಸಂಡಾಸಕ್ಕೆ ಹೋಗುವ ಚಿಂತೆ, ಔಷಧದ ಕಿರಿಕಿರಿ, ತನ್ನ ತೊಂದರೆಯನ್ನು ಬೇರೆಯವರಿಗೆ ಹೇಳಲು ಆಗುತ್ತದೆಯೇ ಅನ್ನುವವರೆಗೆ. ಒಳ್ಳೆಯ ಪಟ್ಟಿ. ಆದರೆ ಉದ್ದ. ಏಳು ವರ್ಷದ ಮಗುವನ್ನು ಒಂದೇ ಕೂರಿಕೆಯಲ್ಲಿ 74 ಪ್ರಶ್ನೆ ಕೇಳಿದರೆ ಮೂವತ್ತರ ನಂತರ ಸಿಗುವ ಉತ್ತರ ಕಿಟಕಿಯ ಹೊರಗಿನ ಗಾಳಿಪಟದ ಬಗ್ಗೆ ಇರುತ್ತದೆ. ಪ್ರತಿ ಭಾಗಕ್ಕೂ ಅದರದೇ ಅಂಕ ಇರುವುದರಿಂದ, ನಮ್ಮ ಮಗುವಿಗೆ ಬೇಕಾದ ಭಾಗಗಳು ಯಾವುವು ಅಂತ ಡಾಕ್ಟರನ್ನೇ ಕೇಳಿ.

ಒಂದೊಂದು ಕಾಯಿಲೆಗೇ ಮಾಡಿದ ಪಟ್ಟಿಗಳು

ಕ್ರೋನ್ಸ್ (ಇದೂ ಕರುಳಿನ ಉರಿಯೂತದ ಕಾಯಿಲೆ) ಮತ್ತು ಅಲ್ಸರೇಟಿವ್ ಕೊಲೈಟಿಸ್‌ಗೆ ಇಂಪ್ಯಾಕ್ಟ್-3. ಕೆನಡಾದಲ್ಲಿ ಶುರುವಾದದ್ದು, 35 ಪ್ರಶ್ನೆ, ಸುಮಾರು ಹತ್ತು ವರ್ಷದ ಮೇಲಿನ ಮಕ್ಕಳಿಗೆ. 35ರಿಂದ 175ರವರೆಗೆ ಅಂಕ, ಜಾಸ್ತಿ ಬಂದಷ್ಟೂ ಒಳ್ಳೆಯದು. ಮೈಯ ಆಕಾರ, ಚಿಕಿತ್ಸೆಯ ಬೇಸರ, ಜೊತೆಯವರ ನಡುವೆ ಇರುವುದು, ಇವೆಲ್ಲ ಇದರಲ್ಲಿ ಬರುತ್ತವೆ. ಹದಿವಯಸ್ಸಿನ ಮಕ್ಕಳಿಗೆ ಇದು ಸರಿಯಾಗಿ ಮುಟ್ಟುತ್ತದೆ. ಕಾಯಿಲೆ ಕ್ರೋನ್ಸೋ ಕರುಳಿನ ಟಿಬಿಯೋ ಅಂತ ಇನ್ನೂ ತೀರ್ಮಾನ ಆಗದಿದ್ದರೆ (ನಮ್ಮ ದೇಶದಲ್ಲಿ ಈ ಗೊಂದಲ ಆಗುವುದುಂಟು, ಎರಡೂ ಒಂದೇ ಥರ ಕಾಣುತ್ತವೆ) ಇದು ಬೇಡ, ಸಾಮಾನ್ಯ ಪಟ್ಟಿಯಲ್ಲೇ ಇರಿ.

ಹಿರ್ಷ್‌ಸ್ಪ್ರಂಗ್ ಮತ್ತು ಗುದದ್ವಾರ ಸರಿಯಾಗಿ ಆಗದೆ ಹುಟ್ಟಿದ ಮಕ್ಕಳಿಗೆ ನೆದರ್ಲೆಂಡ್ಸ್‌ನಲ್ಲಿ ಮಾಡಿದ ಎಚ್‌ಎಕ್ಯೂಎಲ್ ಇದೆ. ಮಲ ತಡೆದುಕೊಳ್ಳಲು ಆಗುವುದು, ಪಥ್ಯ, ಮಕ್ಕಳ ಜೊತೆ ಬೆರೆಯುವುದು ಎಲ್ಲ ಕೇಳುತ್ತದೆ. ಇಂಥ ಪಟ್ಟಿಗಳ ಲಾಭ ಅಂದರೆ ಸಣ್ಣ ಬದಲಾವಣೆಯೂ ಕಾಣುತ್ತದೆ. ನಷ್ಟ ಅಂದರೆ ಆರೋಗ್ಯವಂತ ಮಕ್ಕಳ ಜೊತೆ ಹೋಲಿಸಿ ನೋಡಲು ಆಗಲ್ಲ. ಪೆಡ್ಸ್‌ಕ್ಯೂಎಲ್‌ನ ಸಾಮಾನ್ಯ ಪಟ್ಟಿಯನ್ನು ಅಕ್ಕನಿಗೂ ತಮ್ಮನಿಗೂ ಕೊಡಬಹುದು, ಇದನ್ನು ಆಗಲ್ಲ.

ಇಲ್ಲಿ ಒಂದು ಮಾತು. ಕೊಲೈಟಿಸ್ ಇರುವ ಮಕ್ಕಳ ಫೈಲಿನಲ್ಲಿ ಪ್ಯೂಕೈ ಅಂತ ಒಂದು ಅಂಕ ಬರೆದಿರುತ್ತಾರೆ, 0ಯಿಂದ 85. 10ಕ್ಕಿಂತ ಕಡಿಮೆ ಅಂದರೆ ಕಾಯಿಲೆ ತಣ್ಣಗಿದೆ, 65 ಅಥವಾ ಅದಕ್ಕಿಂತ ಜಾಸ್ತಿ ಅಂದರೆ ಜೋರಾಗಿದೆ. ಭಾಲ್ಕಿಯ ತಾಯಿ ಇದನ್ನೇ ಬದುಕಿನ ಅಂಕ ಅಂದುಕೊಂಡಿದ್ದರು. ಅದು ಕಾಯಿಲೆಯ ಅಂಕ. ನೋವು, ರಕ್ತ, ಮಲ ಹೇಗಿದೆ, ಎಷ್ಟು ಸಲ, ರಾತ್ರಿ ಎದ್ದನಾ, ಓಡಾಡುತ್ತಾನಾ, ಇಷ್ಟನ್ನು ನೋಡುತ್ತದೆ. ಪ್ಯೂಕೈ 5 ಇದ್ದೂ, ಸ್ಟೀರಾಯ್ಡ್‌ನಿಂದ ಮುಖ ಊದಿದೆ, ಹುಡುಗರು ನಗುತ್ತಾರೆ ಅಂತ ಮಗ ಶಾಲೆಗೆ ಹೋಗದೆ ಮನೆಯಲ್ಲೇ ಕೂತಿರಬಹುದು. ಎರಡೂ ಬೇಕು.

ಯಾರ ಮನೆಗೆ ಯಾವುದು

ಓದು ಬರಹ ಬರದ ಮನೆ, ಅಥವಾ ಅಪ್ಪ ಅಮ್ಮ ಮುಂಬೈ ಕಡೆ ದುಡಿಯಲು ಹೋಗಿ ಮಗು ಆಯಿ ಮುತ್ಯಾ (ಅಜ್ಜಿ ಅಜ್ಜ) ಹತ್ತಿರ ಇರುವ ಮನೆ ಯಾದಗಿರಿ ಕಡೆ ಕಡಿಮೆ ಇಲ್ಲ. ಅಲ್ಲಿ ಪಾಲಕರ ಫಾರ್ಮ್ ಯಾರು ತುಂಬಬೇಕು? ಮಗುವಿನ ಜೊತೆ ದಿನಾ ಇರುವವರು, ಅಂದರೆ ಆಯಿ. ಬೇರೆಯವರು ಓದಿ ಹೇಳಲಿ, ಆಯಿ ಉತ್ತರ ಹೇಳಲಿ. ಓದಿ ಹೇಳುವವರು ಶಾಲೆಗೆ ಹೋಗುವ ಅಕ್ಕ ಆಗಬಹುದು, ಆಶಾ ಕಾರ್ಯಕರ್ತೆ ಆಗಬಹುದು. ಒಂದು ಸಲ ಆಯಿ, ಇನ್ನೊಂದು ಸಲ ಊರಿಗೆ ಬಂದ ಅಪ್ಪ ಅಂತ ಬದಲಾಯಿಸಿದರೆ ಅಂಕ ಹೋಲಿಸಲು ಬರುವುದಿಲ್ಲ.

ಮೊರಾರ್ಜಿ ಶಾಲೆ, ಹಾಸ್ಟೆಲ್‌ನಲ್ಲಿರುವ ಮಗುವಾದರೆ ಪಾಲಕರ ಹಾಳೆ ಬಿಟ್ಟುಬಿಡಿ. ಬೆಳಿಗ್ಗೆ ಸಂಡಾಸದ ಮುಂದೆ ಸಾಲಿನಲ್ಲಿ ನಿಂತಾಗ ಏನಾಗುತ್ತದೆ ಅಂತ ಊರಲ್ಲಿರುವ ನಮಗೆ ಏನು ಗೊತ್ತು? ಅಲ್ಲಿ ಮಗುವಿನ ಉತ್ತರವೇ ಉತ್ತರ.

ಮೂರು ತಿಂಗಳಿಗೊಮ್ಮೆ ತುಂಬಿದರೆ ಸಾಕು. ಪರೀಕ್ಷೆಯ ತಿಂಗಳು ಬೇಡ, ಆಗ ಎಲ್ಲ ಮಕ್ಕಳ ಮುಖವೂ ಬಾಡಿರುತ್ತದೆ. ಮೊದಲು ಮಗು, ಆಮೇಲೆ ನೀವು, ಬೇರೆ ಬೇರೆ ಜಾಗದಲ್ಲಿ. ಮಗು ಬರೆದದ್ದನ್ನು ನೋಡಿ "ಹಂಗ್ಯಾಕ ಬರ್ದಿ?" ಅಂತ ಒಂದು ಸಲ ಕೇಳಿದರೆ ಮುಗೀತು, ಮುಂದೆ ನಿಜ ಬರುವುದಿಲ್ಲ. ನಾನು ಕೇಳಿದ್ದೆ. ಎರಡು ಸಲದ ಹಾಳೆ ಹಾಳಾಯಿತು.

ಮತ್ತು ದಯವಿಟ್ಟು, ಕೆಲವು ವಿಷಯಕ್ಕೆ ಯಾವ ಪಟ್ಟಿಯನ್ನೂ ಕಾಯಬೇಡಿ. ಮಲದಲ್ಲಿ ರಕ್ತ, ಹಸಿರು ವಾಂತಿ, ಹೊಟ್ಟೆ ಉಬ್ಬಿ ಬಿಗಿಯಾಗುವುದು, ತೂಕ ಇಳಿಯುವುದು ಕಂಡರೆ ನೇರ ಆಸ್ಪತ್ರೆಗೆ. ಹಿರ್ಷ್‌ಸ್ಪ್ರಂಗ್ ಆಪರೇಷನ್ ಆದ ಮಗುವಿಗೆ ಜ್ವರದ ಜೊತೆ ಹೊಟ್ಟೆ ಉಬ್ಬಿ ಕೆಟ್ಟ ವಾಸನೆಯ ಭೇದಿ ಶುರುವಾದರೆ ರಾತ್ರಿಯಾದರೂ ಹೊರಡಿ. ಅದು ಕರುಳಿನ ಉರಿಯೂತ ಇರಬಹುದು, ಜೀವಕ್ಕೆ ಅಪಾಯ.

ಈಗ ಆ ಮೂವರಿಗೆ. ಶಹಾಪುರದ ತಾಯಿಗೆ: ಎರಡು ವಾರದ ನೋಟ್‌ಬುಕ್ಕು ಬ್ರಿಸ್ಟಲ್ ನಂಬರ್ ಜೊತೆ, ಮೇಲೆ ಪೆಡ್ಸ್‌ಕ್ಯೂಎಲ್‌ನ 2ರಿಂದ 4 ವರ್ಷದ ಪಾಲಕರ ಹಾಳೆ. ನಾಲ್ಕರ ಮಗುವಿಗೆ ಇದಕ್ಕಿಂತ ಜಾಸ್ತಿ ಬೇಡ. ಮಗಳು ಆಗಾಗ ಚಡ್ಡಿ ಹೊಲಸು ಮಾಡಿಕೊಳ್ಳುವುದನ್ನು ನೀವು ಭೇದಿ ಅಂದಿರಿ, ಅದನ್ನು ಡಾಕ್ಟರಿಗೆ ತಪ್ಪದೆ ಹೇಳಿ. ಗಟ್ಟಿ ಮಲ ಒಳಗೆ ಕೂತಾಗ ಪಕ್ಕದಿಂದ ತೆಳ್ಳಗಿನದು ಸೋರುತ್ತದೆ, ಮಗುವಿಗೆ ಗೊತ್ತೇ ಆಗುವುದಿಲ್ಲ. ಅದಕ್ಕೆ ಹೊಡೆಯಬೇಡಿ, ಬೈಯಬೇಡಿ.

ಕಲಬುರಗಿಯ ತಾಯಿಗೆ: ಪೆಡ್ಸ್‌ಕ್ಯೂಎಲ್ ಎರಡೂ ಹಾಳೆ. ಅದರ ಜೊತೆ ಹೊಟ್ಟೆಯ ಪಟ್ಟಿಯಿಂದ ಮಲಬದ್ಧತೆ ಮತ್ತು ಸಂಡಾಸಕ್ಕೆ ಹೋಗುವ ಚಿಂತೆಯ ಭಾಗ ಸಾಕಾ ಅಂತ ನಿಮ್ಮ ಸರ್ಜನ್‌ರನ್ನು ಕೇಳಿ. ಎಚ್‌ಎಕ್ಯೂಎಲ್ ಅವರೇ ಕೊಟ್ಟರೆ ತುಂಬಿ, ನೀವಾಗಿ ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ.

ಭಾಲ್ಕಿಯ ತಾಯಿಗೆ: ಇಂಪ್ಯಾಕ್ಟ್-3, ನಿಮ್ಮ ಹೈದರಾಬಾದಿನ ಡಾಕ್ಟರಿಂದಲೇ ಕೇಳಿ ತಗೊಳ್ಳಿ. ಮಗ ಯಾವ ಭಾಷೆಯಲ್ಲಿ ಸಲೀಸಾಗಿ ಓದುತ್ತಾನೋ ಆ ಭಾಷೆಯದು ಇದೆಯಾ ಅಂತಲೂ ಕೇಳಿ. ಮನೆಯಲ್ಲಿ ತುಂಬಲು ಹೊತ್ತು ಸಿಗಲ್ಲ ಅಂದಿರಿ. ರೈಲಿನಲ್ಲಿ ಬೇಕಾದಷ್ಟು ಹೊತ್ತು ಇರುತ್ತದೆ. ಒಂದು ಪೆನ್ಸಿಲ್ಲು, ಕೆಳಗೆ ಇಟ್ಟುಕೊಳ್ಳಲು ಒಂದು ರಟ್ಟು ಕೊಟ್ಟುಬಿಡಿ, ಅವನು ತುಂಬುತ್ತಿರಲಿ. ಅವನು ಹಾಳೆ ಮಡಚಿ ಕವರಿಗೆ ಹಾಕುವವರೆಗೆ ನೀವು ಕಿಟಕಿಯ ಹೊರಗೆ ನೋಡುತ್ತಾ ಕೂತಿರಿ.